ಹನ್ನೆರಡು ಸೆಕೆಂಡಿನ ಕಿವಿ

ಆ ಒಂದು ಮಂಗಳವಾರ ಯಂತ್ರ ನೂರು ಪದಕ್ಕೆ ಎಂಟೇ ಪದ ತಪ್ಪಿತ್ತು. ಅದಾದ ಮೇಲೆ ಆರು ವಾರ, ಹನ್ನೊಂದು ಸಲ, ಅದೇ ಯಂತ್ರಕ್ಕೆ ಅದೇ ಪಾಠವನ್ನು ಅದೇ ಕ್ರಮದಲ್ಲಿ ಕಲಿಸಿದರೂ ತಪ್ಪು ಹತ್ತೊಂಬತ್ತರಿಂದ ಕೆಳಗಿಳಿಯಲು ಒಲ್ಲೆ ಅನ್ನುತ್ತಿತ್ತು. ಕಲಿಸುತ್ತಿದ್ದವಳು ಪುಟ್ಟಿ. ವಯಸ್ಸು ಮೂವತ್ತೈದು ದಾಟಿದ್ದರೂ ಮನೆಯಲ್ಲಿ ಅವಳು ಪುಟ್ಟಿಯೇ. ಆಫೀಸಿನಲ್ಲಿ ಮಾತ್ರ ಮೇಡಂ, ಅದೂ ಶುಕ್ರವಾರದವರೆಗೆ.

ಯಂತ್ರದ ಕೆಲಸ ಒಂದು ಆಸ್ಪತ್ರೆಯ ಫೋನ್ ಎತ್ತುವುದು. ಪಾರ್ಶ್ವವಾಯು ಬಡಿದವರು, ಗಂಟಲಿಗೆ ಕತ್ತರಿ ಬಿದ್ದವರು, ತೊದಲುವವರು ಫೋನ್ ಮಾಡಿದರೆ ಅವರು ಹೇಳಿದ್ದನ್ನು ತಾಳ್ಮೆಯಿಂದ ಕೇಳಿ ಬರೆದು ನರ್ಸ್ ಕೈಗೆ ಕೊಡಬೇಕು. ಮನುಷ್ಯರಿಗೆ ಆ ತಾಳ್ಮೆ ಇರಲಿಲ್ಲವಾದ್ದರಿಂದ ಯಂತ್ರಕ್ಕೆ ಕಲಿಸಲು ಹೊರಟಿದ್ದರು.

ವಿಭಾಗದ ಮುಖ್ಯಸ್ಥರನ್ನು ಎಲ್ಲರೂ ಹಿಂದಿನಿಂದ ಶೇಕಡಾ ಎನ್ನುತ್ತಿದ್ದರು. ಹೆಂಡತಿಯ ಜ್ವರ ನಲವತ್ತು ಪರ್ಸೆಂಟ್ ಇಳಿದಿದೆ ಎಂದು ಒಮ್ಮೆ ಗಂಭೀರವಾಗಿ ಹೇಳಿದ್ದ ಮನುಷ್ಯ. ಮಂಗಳವಾರದ ಎಂಟನ್ನು ಅವರು ಬುಧವಾರವೇ ಆಸ್ಪತ್ರೆಯವರಿಗೆ ಹೇಳಿ, ಗುರುವಾರ ಬ್ಯಾನರ್ ಮಾಡಿಸಿ ಕೈತೊಳೆದುಕೊಂಡಿದ್ದರು. ಈಗ ದಿನಕ್ಕೆ ಎರಡು ಸಲ ಪುಟ್ಟಿಯ ಮೇಜಿನ ಹತ್ತಿರ ಬಂದು, ಮುಖದಲ್ಲಿ ಸಿಟ್ಟಿನ ಸುಳಿವೂ ಇಲ್ಲದೆ ನಿಂತು ಹೋಗುತ್ತಿದ್ದರು.

“ಒಂದು ಸಲ ಆದ್ರೆ ಅದು ಅದೃಷ್ಟ ಮೇಡಂ. ಎರಡು ಸಲ ಆದ್ರೆ ಕೆಲಸ. ನಿಮ್ಮನ್ನ ಕೆಲಸಕ್ಕೆ ಇಟ್ಕೊಂಡಿದ್ವಿ, ಅದೃಷ್ಟಕ್ಕಲ್ಲ,” ಎಂದರು ಸೋಮವಾರ. ಶುಕ್ರವಾರ ಆಸ್ಪತ್ರೆಯವರ ಮುಂದೆ ಎಂಟು ಬಾರದಿದ್ದರೆ ಮುಂದಿನ ವಾರ ಆ ಕುರ್ಚಿಯಲ್ಲಿ ಬೇರೆ ಯಾರಾದರೂ ಕೂತಿರುತ್ತಾರೆ ಎಂಬುದನ್ನೂ, ಹವಾಮಾನ ಹೇಳುವ ದನಿಯಲ್ಲಿ, ಹೇಳಿಹೋದರು.

ಪುಟ್ಟಿ ಮಾಡದ ತಪಾಸಣೆ ಉಳಿದಿರಲಿಲ್ಲ. ಪಾಠ ಕಲಿಸುವ ಮುಂಚೆ ಯಂತ್ರ ರೆಕಾರ್ಡಿಂಗುಗಳನ್ನು ಇಸ್ಪೀಟಿನ ಹಾಗೆ ಕಲಸುತ್ತದೆ. ಪ್ರತಿ ಸಲವೂ ಒಂದೇ ರೀತಿ ಕಲಸುವಂತೆ ಕಟ್ಟಿಹಾಕಿದಳು. ಹತ್ತೊಂಬತ್ತು. ಪ್ರೋಗ್ರಾಮುಗಳನ್ನೆಲ್ಲ ಆ ಮಂಗಳವಾರದ ಆವೃತ್ತಿಗೇ ಹಿಂತಿರುಗಿಸಿದಳು. ಹತ್ತೊಂಬತ್ತೂ ಕಾಲು. ಅವತ್ತು ಓಡಿದ ಕಂಪ್ಯೂಟರನ್ನೇ ಹುಡುಕಿ, ಅದರಲ್ಲಿ ಬೇರೆಯವರು ಮಾಡುತ್ತಿದ್ದ ಕೆಲಸವನ್ನು ನಿಲ್ಲಿಸಿ, ಅವರ ಬಾಯಲ್ಲಿ ಬೈಸಿಕೊಂಡು ಓಡಿಸಿದಳು. ಹತ್ತೊಂಬತ್ತು. ಕೊನೆಗೆ ಅವತ್ತು ಉಟ್ಟಿದ್ದ ಸೀರೆಯನ್ನೇ ಉಟ್ಟು ಬಂದಳು. ಇದನ್ನು ಯಾರಿಗೂ ಹೇಳಲಿಲ್ಲ.

ಯಂತ್ರಕ್ಕೆ ಕೊನೆಯಲ್ಲಿ ಒಂದು ಪರೀಕ್ಷೆ ಇರುತ್ತಿತ್ತು: ಅದು ಮುಂಚೆ ಕೇಳಿರದ ಸಾವಿರ ರೆಕಾರ್ಡಿಂಗು. ಅದರಲ್ಲಿ ಅರವತ್ತು ಪುಟ್ಟಿಯ ಅಣ್ಣನವು. ಅಣ್ಣ ಬಸ್ ನಿಲ್ದಾಣದ ಎದುರು, ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ನಕಲಿ ಕೀ ಮಾಡಿಕೊಡುವವನು. ಮಾತಿಲ್ಲದೆ ನಡೆಯುವ ವ್ಯಾಪಾರ. ಬಂದವರು ಕೀ ಕೊಟ್ಟು, ಎಷ್ಟು ಬೇಕೆಂದು ಬೆರಳು ತೋರಿಸಿದರೆ ಮುಗಿಯಿತು. ಅವನಿಗೆ ಯಾವ ಅಕ್ಷರವೂ ಸಲೀಸಲ್ಲ, ಆದರೆ ಪದ ಇಕಾರದಿಂದ ಶುರುವಾಯಿತೆಂದರೆ ಗಂಟಲಿಗೇ ಬೀಗ. ಕನ್ನಡದಲ್ಲಿ ಇದೆಯೂ ಇಲ್ಲವೂ ಒಂದೇ ಅಕ್ಷರದಿಂದ ಶುರುವಾಗುತ್ತವೆ, ವಾಕ್ಯದ ಕೊನೆಯಲ್ಲೇ ಬರುತ್ತವೆ. ಇದರ ಕಷ್ಟ ಎಂಥದ್ದೆಂದು ಅವನಷ್ಟು ಬಲ್ಲವರಿಲ್ಲ. ಚಿಕ್ಕಂದಿನಲ್ಲಿ ಅತ್ತೆಯ ಮಗ ಬಂದು, “ಸೈಕಲ್ ತಗೊಂಡು ಹೋಗೋದಕ್ಕೆ ಒಪ್ಪಿಗೆ ಇದೆಯೇನೋ?” ಎಂದು ಕೇಳಿದ. ಅಣ್ಣ “ಇ... ಇ...” ಎನ್ನುವಷ್ಟರಲ್ಲಿ, “ಇದೆ ಅಂದ್ಯಲ್ಲ, ಸರಿ” ಎಂದು ಹತ್ತಿ ಹೋದ. ಸೈಕಲ್ ಮತ್ತೆ ಮನೆಗೆ ಬರಲಿಲ್ಲ. ಇಲ್ಲ ಎನ್ನುವುದಕ್ಕೆ ಮುಂಚೆ ಅಣ್ಣನ ಎಡಗೈ ಹೆಬ್ಬೆರಳು ಮುಷ್ಟಿಯೊಳಗೆ ಹೋಗುತ್ತದೆ. ಇದು ಗೊತ್ತಿದ್ದದ್ದು ಪುಟ್ಟಿ ಒಬ್ಬಳಿಗೇ. ಅವತ್ತೂ ಅವಳು ಪಕ್ಕದಲ್ಲೇ ನಿಂತು ನೋಡಿದ್ದಳು. ಸೈಕಲ್ಲಿನ ಹಿಂದಿನ ಸೀಟಿನಲ್ಲಿ ಒಂದು ಸುತ್ತು ಸಿಕ್ಕೀತೆಂಬ ಆಸೆಯಿಂದ ಸುಮ್ಮನಿದ್ದಳು.

ಎಂಟು ಭಾನುವಾರ ಅಣ್ಣನನ್ನು ಕೂರಿಸಿ ಆ ಅರವತ್ತು ವಾಕ್ಯ ಓದಿಸಿದ್ದಳು. “ನಿನ್ನ ಮಾತು ಅರ್ಥ ಆದ್ರೆ ಎಲ್ಲರದ್ದೂ ಅರ್ಥ ಆದ ಹಾಗೆ” ಎಂದು ಹುರಿದುಂಬಿಸಿದ್ದಳು. ಅವನು ಓದಿದ್ದ, ಹಣೆಯ ಬೆವರು ಕಾಗದದ ಮೇಲೆ ಬೀಳುವಂತೆ.

ಬುಧವಾರ ಬೆಳಿಗ್ಗೆ ಸ್ವೆಟರ್ ಬಂದ. ತಣ್ಣನೆಯ ಸರ್ವರ್ ಕೋಣೆಯನ್ನು ನೋಡಿಕೊಳ್ಳುತ್ತಿದ್ದ, ಬೇಸಿಗೆಯಲ್ಲೂ ಸ್ವೆಟರ್ ಬಿಚ್ಚದ ಆಸಾಮಿ. ತನ್ನ ಮೇಲೆ ಯಾರೋ ದೂರು ಕೊಟ್ಟಿದ್ದಾರೆ, ನೀವಾ ಎಂದು ಕೇಳಲು ಬಂದಿದ್ದ. ಯಾವುದರ ದೂರು ಎಂದರೆ, ಆರು ವಾರದ ಹಿಂದೆ ಒಂದು ಮಂಗಳವಾರ ಹಳೇ ಡಿಸ್ಕಿನಿಂದ ಹೊಸದಕ್ಕೆ ಎಲ್ಲವನ್ನೂ ಸಾಗಿಸುತ್ತಿದ್ದನಂತೆ, ಅವತ್ತಿಡೀ ದಿನ ಒಂದು ಫೈಲು ತೆರೆಯಲೂ ಜನ ತಿಣುಕಾಡಿದರಂತೆ.

“ಯಾವ ಮಂಗಳವಾರ ಅಂದ್ರಿ?” ಎಂದಳು ಪುಟ್ಟಿ.

ಅವನು ಹೋದ ಮೇಲೆ ಅವತ್ತಿನ ಉತ್ತರಪತ್ರಿಕೆ ತೆರೆದು ಸಾಲು ಎಣಿಸಿದಳು. ಸಾವಿರ ಇರಬೇಕಾದಲ್ಲಿ ಎಂಟುನೂರ ಎಪ್ಪತ್ತೊಂದು. ವರದಿಯಲ್ಲಿ ಮುಂಚೆ ಈ ಲೆಕ್ಕವೂ ಬರುತ್ತಿತ್ತು. ಪರ್ಸೆಂಟ್ ಒಂದೇ ಸಾಕು, ಬೇರೆ ಅಂಕಿಗಳು ಕಣ್ಣಿಗೆ ಚುಚ್ಚುತ್ತವೆ ಎಂದು ಶೇಕಡಾ ತೆಗೆಸಿದ್ದರು. ಆಮೇಲೆ ತಾನೇ ಎರಡು ವರ್ಷದ ಹಿಂದೆ ಬರೆದ ಸಾಲು ಸಿಕ್ಕಿತು: ರೆಕಾರ್ಡಿಂಗು ಎರಡು ಸೆಕೆಂಡಿನಲ್ಲಿ ಪೂರ್ತಿ ಓದಲು ಸಿಗದಿದ್ದರೆ ಬಿಟ್ಟು ಮುಂದಕ್ಕೆ ಹೋಗು, ಯಾರಿಗೂ ಹೇಳಬೇಡ. ಡಿಸ್ಕು ಚುರುಕಾಗಿದ್ದ ದಿನ ಆ ಸಾಲಿಗೆ ಕೆಲಸವೇ ಇರಲಿಲ್ಲ. ಡಿಸ್ಕು ತೆವಳಿದ ದಿನ ಉದ್ದನೆಯವೆಲ್ಲ ಬಿದ್ದುಹೋಗಿದ್ದವು, ಕಲಿಕೆಯಲ್ಲೂ ಪರೀಕ್ಷೆಯಲ್ಲೂ. ಉದ್ದನೆಯವು ಎಂದರೆ ನಿಧಾನವಾಗಿ ಮಾತಾಡುವವರವು. ಬಿದ್ದ ನೂರ ಇಪ್ಪತ್ತೊಂಬತ್ತರಲ್ಲಿ ಅಣ್ಣನವು ಅರವತ್ತಕ್ಕೆ ಅರವತ್ತು.

ಯಂತ್ರ ಯಾರಿಗಾಗಿ ಹುಟ್ಟಿತ್ತೋ ಅವರು ಇಲ್ಲದ ದಿನ ಚೆನ್ನಾಗಿ ಪಾಸಾಗಿತ್ತು.

ಪುಟ್ಟಿ ಇದನ್ನು ಶೇಕಡಾಗೆ ನೇರವಾಗಿ ಹೇಳಿದಳು. ಹೇಳುವಾಗ ಒಳಗೊಳಗೇ ಖುಷಿಯಾಗಿತ್ತು, ಕಳ್ಳ ಸಿಕ್ಕಿದ್ದನಲ್ಲ. ಅವರು ಪೂರ್ತಿ ಕೇಳಿಸಿಕೊಂಡು, ಬಿದ್ದುಹೋದವು ಎಷ್ಟು ಸೆಕೆಂಡಿನ ಮೇಲಿನವು ಎಂದು ಮಾತ್ರ ವಿಚಾರಿಸಿದರು. ಹನ್ನೆರಡು ಎಂದಳು.

“ಹಾಗಾದ್ರೆ ಹನ್ನೆರಡಕ್ಕೆ ಕತ್ತರಿ ಹಾಕಿ. ಡಿಸ್ಕನ್ನ ಯಾಕೆ ನಂಬ್ಕೊಂಡು ಕೂತಿದೀರಿ?”

“ಸರ್, ನಿಧಾನಕ್ಕೆ ಮಾತಾಡೋವ್ರಿಗೇ ಅಲ್ವಾ ನಾವು ಇದನ್ನ ಮಾಡ್ತಿರೋದು?”

“ಮಾತಾಡೋಕಾಗದವರು ಯಾಕ್ರೀ ಫೋನ್ ಮಾಡ್ತಾರೆ? ಮನೆಯವರ ಕೈಲಿ ಮಾಡಿಸ್ತಾರೆ.” ಅವರು ಎದ್ದು ಬಾಗಿಲು ತೆರೆದು ಹಿಡಿದರು. “ನಿಮ್ಮ ಮನೇಲಿ ಹೇಗೆ?”

ಮನೆಯಲ್ಲಿ ಹಾಗೆಯೇ. ಅಣ್ಣನ ಫೋನುಗಳನ್ನೆಲ್ಲ ಮಾಡುತ್ತಿದ್ದವಳು ಪುಟ್ಟಿಯೇ.

ಹನ್ನೆರಡು ಎಂಬ ಸಂಖ್ಯೆ ಕಲಿಕೆಗೆ ಹೋಯಿತು, ಪರೀಕ್ಷೆಗೆ ಹೋಯಿತು. ಫೋನ್ ಎತ್ತಿದ ಮೇಲೂ ಹನ್ನೆರಡು ಸೆಕೆಂಡಿಗೆ ಕಿವಿ ಮುಚ್ಚುವಂತೆ ಯಂತ್ರಕ್ಕೆ ಹೇಳಲಾಯಿತು. ಗುರುವಾರ ಮಧ್ಯಾಹ್ನ ಎಂಟು ಬಂತು. ಮತ್ತೆ ಓಡಿಸಿದಳು, ಮತ್ತೆ ಎಂಟು. ಶೇಕಡಾ ಅವಳ ಕುರ್ಚಿಯ ಬೆನ್ನು ತಟ್ಟಿದರು, ಕುರ್ಚಿಯದ್ದೇ, ಅವಳದ್ದಲ್ಲ. ಒಂದು ಸಣ್ಣ ಕೆಲಸ ಬಾಕಿ ಇತ್ತು: ಧ್ವನಿ ಕೊಟ್ಟವರ ಒಪ್ಪಿಗೆ ಆಸ್ಪತ್ರೆಯವರಿಗೆ ದಾಖಲೆಯಲ್ಲಿ ಬೇಕಂತೆ. ಬ್ಯಾನರಿನಲ್ಲಿ ಹೇಗೂ ಅಣ್ಣನ ಫೋಟೋ ಇದೆ. ಅವನೇ ಬಂದು ಯಂತ್ರದ ಮುಂದೆ ಹೇಳಲಿ, ಯಂತ್ರವೇ ಬರೆದುಕೊಳ್ಳಲಿ, ನೋಡೋಕೂ ಚೆನ್ನಾಗಿರುತ್ತೆ ಎಂದರು.

ಸಂಜೆ ಬೆಳಕಿರುವಾಗಲೇ ಪುಟ್ಟಿ ಅಂಗಡಿಗೆ ಹೋದಳು. ಅಣ್ಣ ಕೀ ಅರೆಯುತ್ತಿದ್ದ; ಯಂತ್ರದ ಕಿರುಚಾಟದ ಮೇಲೆಯೇ ಎಲ್ಲ ಹೇಳಿ ಮುಗಿಸಿದಳು, ಅದು ನಿಲ್ಲುವ ಮುಂಚೆ ಮುಗಿಯಲಿ ಎಂದು. ಅವನು ಯಂತ್ರ ಆರಿಸಿ, ಹೊಸ ಕೀಯನ್ನು ಹಳೆಯದರ ಬೆನ್ನಿಗಿಟ್ಟು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಮಾತಾಡಿದ. ಅರ್ಧ ನಿಮಿಷ ಹಿಡಿಯಿತು. ನಡುವೆ ಪುಟ್ಟಿ ಎರಡು ಸಲ ಬಾಯಿ ಹಾಕಿ ತಾನೇ ಪದ ಜೋಡಿಸಿಕೊಟ್ಟಳು, ಎರಡೂ ತಪ್ಪು. ನೂರಕ್ಕೆ ನೂರು.

“ನಾನು... ಬಂದ್ರೆ ಮಾರ್ಕ್ಸ್ ಕಡಿಮೆ. ಬರದೇ ಹೋದ್ರೆ... ಜಾಸ್ತಿ. ಅಷ್ಟೇ ತಾನೇ?”

ಟೆಕ್ನಿಕಲ್ ವಿಷಯ ಅಣ್ಣ, ಹೇಳಿದ್ರೆ ತಲೆನೋವು ಎಂದಳು ಅವಳು.

“ಹಾಗಾದ್ರೆ ನನ್ನ ಧ್ವನಿ... ವಾಪಸ್ ಕೊಡು.”

“ವಾಪಸ್ ಕೊಡೋಕೆ ಅದೇನು ಸೈಕಲ್ಲಾ?”

ಬಾಯಿ ಜಾರಿ ಬಂದ ಮಾತು. ಅಣ್ಣ ಎರಡು ಕೀಗಳನ್ನೂ ಕೆಳಗಿಟ್ಟು ಅವಳ ಮುಖ ನೋಡಿದ. ನಾಳೆ ಬರ್ತೀಯ ತಾನೇ, ನನ್ನ ಕೆಲಸದ ಪ್ರಶ್ನೆ ಎಂದಾಗ, “ಬರ್ತೀನಿ” ಎಂದ, ಒಂದು ಚೂರೂ ತೊದಲದೆ. ಪುಟ್ಟಿ ಹೆದರಬೇಕಿದ್ದದ್ದು ಆಗಲೇ.

ಶುಕ್ರವಾರ ಸಭಾಂಗಣ ತುಂಬಿತ್ತು. ಪರದೆಯ ಮೇಲೆ ಎಂಟು ದೊಡ್ಡದಾಗಿ ಮೂಡಿತು, ಜನ ತಲೆದೂಗಿದರು. ಆಮೇಲೆ ಅಣ್ಣ, ಇಸ್ತ್ರಿ ಹಾಕಿದ ಅಂಗಿಯಲ್ಲಿ, ತನ್ನದೇ ಆಳೆತ್ತರದ ಫೋಟೋದ ಕೆಳಗೆ ಬಂದು ನಿಂತ. ಮಾತನ್ನು ಅವನು ಕಾಗದದಲ್ಲಿ ಬರೆದು ತಂದಿರಲಿಲ್ಲ, ಬಾಯಿಪಾಠ ಮಾಡಿಕೊಂಡು ಬಂದಿದ್ದ. ಮೈಕಿನ ಹಸಿರು ದೀಪ ಹತ್ತಿತು.

“ನನ್ನ ಧ್ವನಿ... ಬಳಸೋದಕ್ಕೆ... ನನ್ನ ಒಪ್ಪಿಗೆ...”

ಇಷ್ಟಾಗುವಾಗ ಒಂಬತ್ತು ಸೆಕೆಂಡು. ಅವನ ತುಟಿ ಇಕಾರಕ್ಕೆ ಅಗಲವಾಗಿ ನಿಂತಿತು. ಹತ್ತು. ಹನ್ನೊಂದು. ದೀಪ ಆರಿತು. ಪರದೆಯ ಮೇಲೆ ಅಕ್ಷರಗಳು ಒಂದೂ ತಪ್ಪಿಲ್ಲದೆ ಬಿದ್ದವು: ನನ್ನ ಧ್ವನಿ ಬಳಸೋದಕ್ಕೆ ನನ್ನ ಒಪ್ಪಿಗೆ.

ಚಪ್ಪಾಳೆ ಬಿತ್ತು. ಆಸ್ಪತ್ರೆಯ ಹಿರಿಯ ಡಾಕ್ಟರು ಮಾತ್ರ ಕನ್ನಡಕ ಸರಿಮಾಡಿಕೊಂಡು, ಕೊನೆಯ ಪದ ಬಿಟ್ಟುಹೋಯಿತಲ್ಲ, ಇದೆಯೋ ಇಲ್ಲವೋ ಎಂದು ಕೇಳಿದರು. ಶೇಕಡಾ ನಗುತ್ತಾ ಪುಟ್ಟಿಯ ಕಡೆ ತಿರುಗಿದರು.

“ಒಡಹುಟ್ಟಿದವರು ಇವರು. ನಮ್ಮ ಯಂತ್ರಕ್ಕಿಂತ ಚೆನ್ನಾಗಿ ಅರ್ಥ ಆಗುತ್ತೆ ಇವರಿಗೆ. ಹೇಳಿ ಮೇಡಂ.”

ಅಣ್ಣನ ಎಡಗೈ ಹೆಬ್ಬೆರಳು ಮುಷ್ಟಿಯೊಳಗಿತ್ತು. ಪುಟ್ಟಿ ಅದನ್ನು ನೋಡಿದಳು. ತಾನು ನೋಡಿದ್ದನ್ನು ಅಣ್ಣ ನೋಡಿದ್ದನ್ನೂ ನೋಡಿದಳು.

“ಇದೆ,” ಎಂದಳು.

ಆ ಎರಡಕ್ಷರವನ್ನು ಯಾರೋ ಕೀಬೋರ್ಡಿನಲ್ಲಿ ಒತ್ತಿ ಸೇರಿಸಿದರು. ಹಾಳೆ ಮುದ್ರಣವಾಗಿ ಬಂತು, ಡಾಕ್ಟರು ಸಹಿ ಹಾಕಿದರು, ಜನ ಎದ್ದು ಹಿಂದಿನ ಮೇಜಿನತ್ತ ನಡೆದರು. ಅಣ್ಣ ಇನ್ನೂ ಮೈಕಿನ ಎದುರೇ ನಿಂತಿದ್ದ, ಕತ್ತಿನ ನರ ಉಬ್ಬಿ, ತುಟಿ ಅದೇ ಇಕಾರದಲ್ಲಿ. ಡಾಕ್ಟರು ಹಾದುಹೋಗುತ್ತಾ ಅವನ ಭುಜದ ಮೇಲೆ ಕೈಯಿಟ್ಟು, ಟೀ ಆಯ್ತಾ ಎಂದು ವಿಚಾರಿಸಿದರು. ಬಾಗಿಲು ಒಮ್ಮೆಲೇ ಕಿತ್ತುಬಂದ ಹಾಗೆ ಮಾತು ಹೊರಬಿತ್ತು, ಸಭಾಂಗಣಕ್ಕೆಲ್ಲ ಕೇಳುವಂತೆ.

“ಇಲ್ಲ.”

“ಅಯ್ಯೋ, ಇವರಿಗೇ ಟೀ ಕೊಟ್ಟಿಲ್ವೇನ್ರಪ್ಪ,” ಎಂದರು ಡಾಕ್ಟರು ಮರುಕದಿಂದ.

ಯಾರೋ ಓಡಿಹೋಗಿ ಒಂದು ಕಪ್ಪು ತಂದರು. ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದರು. ಅಣ್ಣ ಬಾಯಿ ತೆರೆದ.

“ಒಂದೇ ಚಮಚ,” ಎಂದಳು ಪುಟ್ಟಿ ಅವನ ಪರವಾಗಿ.