ಗಾಳಿಗೆ ಅಂಗಿ

ಯೇಸುವಿನ ಪ್ರಾರ್ಥನೆ ಇನ್ನೊಮ್ಮೆ ಕೇಳಿಸಿದರೆ ಮನೆ ಖಾಲಿ ಮಾಡಿಸುತ್ತೇವೆಂದು ಬೀದಿಯ ಕೆಲವರು ದರ್ಜಿಯ ಬಾಗಿಲಿಗೇ ಬಂದು ಹೆದರಿಸಿ ಹೋಗಿದ್ದರು. ಅಂದಿನಿಂದ ಅಮ್ಮ ಕೀರ್ತನೆ ಶುರು ಮಾಡಿದ ಕೂಡಲೇ ಅವನು ಕಿಟಕಿ ಮುಚ್ಚಿ, ಅವಳ ದನಿ ಮುಳುಗಲೆಂದು ಬಟ್ಟೆಯಿಲ್ಲದ ಹೊಲಿಗೆ ಮೆಷಿನ್ ತುಳಿಯುತ್ತಿದ್ದ.

ಆ ಭಾನುವಾರ ಅವಳು ನಡುವೆಯೇ ತಡವರಿಸಿದಳು. ಓದು ಬಾರದ ಅವಳು ಚರ್ಚಿನಲ್ಲಿ ಕೇಳಿ ಕೇಳಿಯೇ ಬಾಯಿಪಾಠ ಮಾಡಿದವಳು. ತಾನು ಹೇಳಿದ ಸಾಲು ತನ್ನ ಕಿವಿಗೆ ಬಿದ್ದರೆ ಮಾತ್ರ ಮುಂದಿನದು ನೆನಪಾಗುತ್ತಿತ್ತು.

"ಏನೋ, ಗಾಳಿಗೆ ಅಂಗಿ ಹೊಲೀತಿದ್ದೀಯಾ? ನಿಲ್ಸೋ!"

"ಮೆಲ್ಲಗೆ ಹೇಳಮ್ಮ, ಹೊರಗೆ ಕೇಳ್ಸತ್ತೆ."

"ಮೆಲ್ಲಗೆ ಹೇಳಿದ್ರೆ ನನಗೇ ಕೇಳ್ಸಲ್ಲ. ಇವತ್ತೊಂದು ಸಾಲು ಹೋಯ್ತು, ನಾಳೆ ಇನ್ನೊಂದು. ಅವರಿಗಿಂತ ಮುಂಚೆ ನೀನೇ ನನ್ನ ಕೀರ್ತನೆ ಕಿತ್ಕೊಳ್ತಿದ್ದೀಯಲ್ಲೋ!"

ದರ್ಜಿಯ ಹೆಂಡತಿ ಎದ್ದು, ಮೆಷಿನ್ನಿನ ಬೆಲ್ಟ್ ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಮೊದಲಿಂದ ಹೇಳಿ ಅತ್ತೆ."

ಅಮ್ಮ ಹೇಳತೊಡಗಿದಳು. ದರ್ಜಿಯ ಕಾಲು ಇನ್ನೂ ಪೆಡಲಿನ ಮೇಲೆ ಆಡುತ್ತಿತ್ತು, ಮೆಷಿನ್ನಿನ ಮೇಲಿನ ಚಕ್ರ ಮಾತ್ರ ತಿರುಗಲಿಲ್ಲ. ಕಿಟಕಿಯಾಚೆ ಯಾರದೋ ಹೆಜ್ಜೆಗಳು ನಿಂತವು. ಅವನು ಎದ್ದು ಹೋಗಿ ಕಿಟಕಿಯನ್ನು ಪೂರ್ತಿ ತೆರೆದ. ಬೀದಿಗೆ ಮುಖ ಮಾಡಿ, ಅಮ್ಮನಿಗಿಂತ ಜೋರಾಗಿ ಮುಂದಿನ ಸಾಲು ಹೇಳಿದ.