ಮಡಿಸಿದ ತುದಿ

ರಾತ್ರಿ ಬಾಗಿಲು ಬಡಿದ ಸದ್ದು. ಬೆಲ್ ಇದ್ದರೂ ಮುಷ್ಟಿಯಿಂದಲೇ.

ತೆರೆದರೆ ನಾದಿನಿ. ನರ್ಸ್ ಸಮವಸ್ತ್ರದಲ್ಲೇ ಓಡಿ ಬಂದಿದ್ದಳು. ಟವೆಲಿನಲ್ಲಿ ಸುತ್ತಿ ತಂದದ್ದನ್ನು ಊಟದ ಮೇಜಿನ ಮೇಲೆ ಕುಕ್ಕಿದಳು.

“ತಗೊಳ್ಳಿ ಅತ್ತಿಗೆ, ನಿಮ್ಮ ಕೂಸು. ನಮ್ಮ ವಾರ್ಡಿನ ಕೂಸಿಗೆ ಉಸಿರು ನಿಂತಾಗ ಇದು ತುಟಿಪಿಟಕ್ ಅನ್ನಲಿಲ್ಲ.”

“ಮಗು?”

“ಬದುಕಿದೆ. ಮೈ ನೀಲಿ ಆಗಿದ್ದು ನನ್ನ ಕಣ್ಣಿಗೆ ಬಿತ್ತಲ್ಲ, ಅದಕ್ಕೆ. ನಿಮ್ಮ ವಿಜ್ಞಾನದಿಂದಲ್ಲ.”

ಅತ್ತಿಗೆ ಟವೆಲು ಬಿಚ್ಚಿದಳು. ಹಸುಗೂಸುಗಳ ಉಸಿರು ತಪ್ಪಿದರೆ ಕೂಗಿ ಎಚ್ಚರಿಸಬೇಕಾದ ಈ ಯಂತ್ರವೇ ಅವಳ ಫೆಲೋಶಿಪ್. ಪಿಎಚ್‌ಡಿ ಮುಗಿದ ಮೇಲೆ ಸಿಕ್ಕಿದ ತರಬೇತಿ: ಅರ್ಧ ವಾರ ವಿಶ್ವವಿದ್ಯಾಲಯ, ಅರ್ಧ ವಾರ ಕಾರ್ಖಾನೆ, ಒಂದು ಕೈಯಲ್ಲಿ ವೈದ್ಯಶಾಸ್ತ್ರ, ಇನ್ನೊಂದರಲ್ಲಿ ಎಂಜಿನಿಯರಿಂಗ್. ವಿಶ್ವವಿದ್ಯಾಲಯ ತವರು, ಕಾರ್ಖಾನೆ ಅತ್ತೆಮನೆ ಎಂದು ಅವಳೇ ನಗೆಯಾಡುತ್ತಿದ್ದಳು. ತವರಿನಲ್ಲಿ ಮೇಷ್ಟ್ರು, ಅವಳ ಮಾರ್ಗದರ್ಶಕರು. ಅತ್ತೆಮನೆಯಲ್ಲಿ ‘ನಾಳೆ ಸಾಹೇಬ’, ಎಲ್ಲವೂ ನಾಳೆಗೇ ಆಗಬೇಕೆನ್ನುವ ಮ್ಯಾನೇಜರ್. ಇಬ್ಬರಲ್ಲಿ ಯಾರು ಮುನಿದರೂ ಫೆಲೋಶಿಪ್ ಉಳಿಯದು.

ಯಂತ್ರಕ್ಕೆ ಕರೆಂಟು ಕೊಟ್ಟು, ಉಸಿರು ಅಳೆಯುವ ತಂತಿಯನ್ನು ಕಿತ್ತಳು. ಕೆಂಪು ದೀಪ ಮಿನುಗಿತು. ಸದ್ದಿಲ್ಲ. ಯಂತ್ರದ ಕಣ್ಣು ನೆಟ್ಟಗಿದೆ, ಗಂಟಲು ಕಟ್ಟಿದೆ.

“ಮೊನ್ನೆ ಇದನ್ನ ನೋಡೋಕೆ ಅತಿಥಿಗಳು ವಾರ್ಡಿಗೆ ಬಂದಿದ್ರಲ್ಲ, ನಿಮ್ಮ ಮೇಷ್ಟ್ರೂ ಸಾಹೇಬನೂ ಜೊತೆಗಿದ್ರಲ್ಲ, ಆವತ್ತಿಂದ ಇದು ಮೌನಗೌರಿ,” ಎಂದಳು ನಾದಿನಿ. “ಅಲ್ಲಿವರೆಗೂ ಸುಮ್ಮಸುಮ್ಮನೆ ಅರಚಿ ಪ್ರಾಣ ತಿಂತಿತ್ತು.”

ಸುಳ್ಳು ಕೂಗು ನಿಂತಿತೆಂದು ಕಾರ್ಖಾನೆಯಲ್ಲಿ ಚಪ್ಪಾಳೆ ತಟ್ಟಿದ್ದರು, ಅವಳೂ ತಟ್ಟಿದ್ದಳು. ಆ ಮೌನದ ಬಲದಿಂದಲೇ, ಬೆಳಗಾದರೆ ಇಂಥ ಯಂತ್ರಗಳನ್ನು ತುಂಬಿಕೊಂಡು ಲಾರಿ ಬೇರೆ ಆಸ್ಪತ್ರೆಗಳಿಗೆ ಹೊರಡಲಿತ್ತು.

“ಸುಮ್ಮನೆ ಅರಚೋದನ್ನ ಎಂಥ ನರ್ಸೂ ಒಂದು ದಿನ ಆಫ್ ಮಾಡ್ತಾಳೆ. ಆಮೇಲೆ ನಿಜವಾಗಿ ಉಸಿರು ನಿಂತರೆ?” ಎಂದಳು ನಾದಿನಿ.

ದೀಪ ಮಿನುಗುತ್ತಿದ್ದಂತೆಯೇ ಅತ್ತಿಗೆ ಸ್ಕ್ರೂ ಬಿಚ್ಚಿದಳು. ಸ್ಪೀಕರಿನ ಬಾಯಿಗೆ ಹಳದಿ ಟೇಪು, ಪದರದ ಮೇಲೆ ಪದರ.

“ಅತ್ತೆಮನೆಯವರದೇ ಕೆಲಸ,” ನಾದಿನಿ ಹಲ್ಲು ಕಡಿದಳು. “ಆ ಸಾಹೇಬನ ನಾಲಿಗೆಗೇ ಇದನ್ನ ಅಂಟಿಸಬೇಕು.”

ಅತ್ತಿಗೆಯ ಬಾಯಿಗೂ ಅದೇ ಬೈಗುಳ ಬಂದಿತ್ತು. ಟೇಪಿಗೆ ಉಗುರು ಹಾಕಹೋದಳು, ಉಗುರು ಬೇಕಾಗಲಿಲ್ಲ. ಮುಂದೆ ಬಿಚ್ಚುವವರಿಗೆ ಸಲೀಸಾಗಲೆಂದು ತುದಿಯನ್ನು ಒಳಕ್ಕೆ ಒಪ್ಪವಾಗಿ ಮಡಿಸಲಾಗಿತ್ತು. ಹಾಗೆ ಮಡಿಸುವವರು ಅವಳು ಕಂಡಂತೆ ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬರಿಂದ ಅದನ್ನು ಕಲಿತಿದ್ದಳು.

ಫೋನ್ ಮಾಡಿ ನಾಳೆ ಸಾಹೇಬನನ್ನು ಎಬ್ಬಿಸಿದಳು.

“ಲಾರಿ ನಿಲ್ಲಿಸಿ. ಸ್ಪೀಕರಿಗೆ ಟೇಪು ಮೆತ್ತಿ ನಮ್ಮನ್ನೆಲ್ಲ ಮಂಗ ಮಾಡಿದ್ದಾರೆ.”

“ನಿಲ್ಲಿಸಿ ಅಂದ ತಕ್ಷಣ ನಿಲ್ಲೋಕೆ ಅದೇನು ಸೈಕಲ್ಲಾ?” ಎಂದ ಅವನು. “ಮೇಲಿನವರು ನನ್ನ ಕೇಳ್ತಾರೆ. ಮಾಡಿದ್ದು ಯಾರು ಅಂತ ಹೇಳಿ, ಈಗಲೇ ನಿಲ್ಲಿಸ್ತೀನಿ. ಹೇಳೋಕೆ ಧೈರ್ಯ ಇಲ್ವಾ, ಫೋನ್ ಇಡಿ.”

ಅವಳು ಮಡಿಸಿದ ತುದಿ ಹಿಡಿದು ಒಂದೇ ಎಳೆತಕ್ಕೆ ಟೇಪು ಕಿತ್ತಳು. ಯಂತ್ರ ಮನೆ ತುಂಬ ಚೀರಿತು. ಆ ಚೀರಾಟದ ಮೇಲೆ, ಒಂದೊಂದು ಅಕ್ಷರವೂ ಕೇಳಿಸುವಂತೆ ಹೇಳಿದಳು:

“ನಮ್ಮ ಮೇಷ್ಟ್ರು.”