ಡಬ್ಬಿಯೊಳಗಿನ ಹತ್ತಿ

ಫ್ಯಾನು ತಿರುಗುತ್ತಿದೆ, ಗಾಳಿ ಮಾತ್ರ ಗಾಜಿನ ಆಚೆ ಕೂತ ಗುಮಾಸ್ತನಿಗೆ, ಈಚೆಯ ಬೆಂಚಿಗೆ ಬರೀ ಅದರ ಕಿರುಗುಟ್ಟುವಿಕೆ — ಪಕ್ಕದವನು ಕೆಮ್ಮುತ್ತಿದ್ದಾನೆ, ಒಳ್ಳೆಯ ಕೆಮ್ಮು, ಅವನಿಗೆ ಪುಕ್ಕಟೆ ಔಷಧಿಯ ಕಾರ್ಡು ಸಿಕ್ಕೇ ಸಿಗುತ್ತದೆ, ಅಕ್ಕ ಬೆಳಗ್ಗೆಯೇ ಬಡಿದುಕೊಂಡಳು, ತಲೆ ಬಾಚ್ಕೋಬೇಡ ಕಣೇ, ಸ್ವಲ್ಪ ಬಾಡಿದೋಳ ಹಾಗೆ ಹೋಗು, ಆದರೆ ನಾನು ಲಾಂಡ್ರಿಯಲ್ಲಿ ದಿನವಿಡೀ ಇಸ್ತ್ರಿ ಉಜ್ಜುವವಳು, ಸುಕ್ಕು ಕಂಡರೆ ಕೈ ಸುಮ್ಮನಿರುವುದಿಲ್ಲ, ಕಾಲರನ್ನೂ ಗರಿಗರಿ ಮಾಡಿಕೊಂಡು ಬಂದೆ, ಅದೇ ತಪ್ಪಾಯಿತು, ಗುಮಾಸ್ತ ಅಡಿಯಿಂದ ಮುಡಿಯವರೆಗೆ ನೋಡಿದ, ರಕ್ತದ ವರದಿ ನೋಡಿದ, ಚೆನ್ನಾಗೇ ಇದ್ದೀರಲ್ಲಮ್ಮ. ಇದ್ದೇನೆ, ಮಾತ್ರೆ ನುಂಗುತ್ತಿರುವುದರಿಂದ ಇದ್ದೇನೆ. ಬಡವಿ ಎನ್ನುವುದಕ್ಕೆ ಅವನ ತಕರಾರಿಲ್ಲ, ಎಚ್‌ಐವಿ ಇದೆ ಎನ್ನುವುದಕ್ಕೂ ಇಲ್ಲ, ಆದ್ರೆ ಕಾರ್ಡು ದುಡಿಯೋಕಾಗದಷ್ಟು ಕಾಯಿಲೆ ಬಿದ್ದೋರಿಗೆ ಮಾತ್ರ, ನಿಮ್ಮಂಥೋರಿಗೂ ಕೊಡೋ ನಿಯಮ ಇನ್ನೂ ಚರ್ಚೇಲಿದೆ, ಜಾಸ್ತಿಯಾದ್ರೆ ಬನ್ನಿ. ಜಾಸ್ತಿಯಾದರೆ ಬರಬೇಕಂತೆ, ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಜನ, ಇವರು ಚರ್ಚೆ ಮುಗಿಸುವವರೆಗೆ ನನ್ನ ರಕ್ತದೊಳಗಿನದು ಕೈಕಟ್ಟಿ ಕೂತಿರುತ್ತದೆಯೇ, ಮೈ ಉರಿಯುತ್ತಿದೆ ನನಗೆ.

ಜಾಸ್ತಿಯಾಗುವುದು ಅಂದರೆ ಏನೆಂದು ನನಗೆ ಗೊತ್ತು, ಗಂಡನನ್ನು ನೋಡಿದ್ದೇನೆ, ಚೀಲ ಹೊರುತ್ತಿದ್ದ ಆಳು ಕೊನೆಗೆ ಲೋಟ ಎತ್ತಲಾರದೆ ಹೋದ, ಆಗ ಅರ್ಹನಾದ, ಕಾರ್ಡು ಬಂತು, ಪಾಪ, ಬಹಳ ಶಿಸ್ತಾಗಿ ಬಂತು, ಅವನ ಮೂಗಿಗೆ ಹತ್ತಿ ಇಟ್ಟಾಗಿತ್ತು, ಯಾರು ಸಹಿ ಹಾಕ್ತೀರಿ ಎಂದು ಅಂಚೆಯವನು ಬಾಗಿಲಲ್ಲಿ ನಿಂತಿದ್ದ. ಉಳಿದ ಹತ್ತಿಯನ್ನು ಅಕ್ಕ ಎಸೆಯಹೋದಳು, ಬೇಡ ಎಂದೆ, ಬಡವರ ಮನೆಯಲ್ಲಿ ಯಾವುದೂ ದಂಡವಲ್ಲ — ಆಮೇಲೆ ಲಾಂಡ್ರಿಯಲ್ಲಿ ಪಕ್ಕದ ಮೇಜಿನವಳು ನನ್ನ ಚೀಲ ಸರಿಸುತ್ತ, ಏನೇ ಅದು ಗಲಗಲ ಅಂತಿದೆ, ಪೆಪ್ಪರಮೆಂಟಾ, ನಮಗೂ ಕೊಡೇ ಎಂದಳು, ಜೀವ ಬಾಯಿಗೆ ಬಂತು, ಸುದ್ದಿ ಸಾಹುಕಾರನ ಕಿವಿಗೆ ಬಿದ್ದರೆ ಕೆಲಸ ಹೋಯಿತು, ಅವತ್ತೇ ಮಾತ್ರೆಯ ಡಬ್ಬಿಯೊಳಗೆ ಆ ಹತ್ತಿ ತುರುಕಿದೆ. ತುಂಬಿದ ಕೊಡ ತುಳುಕುವುದಿಲ್ಲ, ತುಂಬಿದ ಡಬ್ಬಿಯೂ ಹಾಗೇ, ಮಾತ್ರೆ ಕಡಿಮೆಯಾದಷ್ಟೂ ಸದ್ದು ಜಾಸ್ತಿ, ಸದ್ದು ಜಾಸ್ತಿಯಾದಷ್ಟೂ ಹತ್ತಿ ಜಾಸ್ತಿ, ಪುಕ್ಕಟೆ ಮಾತ್ರೆ ಕೊಡುತ್ತಿದ್ದ ಧರ್ಮದ ಕ್ಲಿನಿಕ್ಕು ಕಳೆದ ತಿಂಗಳು ಮುಚ್ಚಿತು, ಅಂಗಡಿಯಲ್ಲಿ ಕೊಳ್ಳುವುದು ನನ್ನ ಸಂಬಳಕ್ಕೆ ಕನಸು, ಈಗ ಡಬ್ಬಿಯಲ್ಲಿ ಮಾತ್ರೆ ತಳದಲ್ಲಿ, ಮೇಲೆಲ್ಲ ಹತ್ತಿ.

ಮುಂದಿನೋರು ಎನ್ನುತ್ತಾನೆ ಗುಮಾಸ್ತ, ಕೆಮ್ಮುವವನು ಏಳುವ ಮೊದಲೇ ನಾನು ಎದ್ದಿದ್ದೇನೆ, ನಿಮ್ದು ಆಯ್ತಲ್ಲಮ್ಮ, ಆಗಿಲ್ಲ, ಡಬ್ಬಿಯ ಮುಚ್ಚಳ ತೆಗೆಯುತ್ತೇನೆ, ಹತ್ತಿ ಎಳೆಯುತ್ತೇನೆ, ಎಳೆದಷ್ಟೂ ಬರುತ್ತದೆ, ಮುಚ್ಚಳ ಹಾಕಿ ಅವನ ಮುಖದ ಮುಂದೆ ಅಲ್ಲಾಡಿಸುತ್ತೇನೆ, ಗಲಗಲ, ಗಲಗಲ, ಇಷ್ಟು ವರ್ಷ ಮುಚ್ಚಿಟ್ಟ ಸದ್ದು, ಬೆಂಚಿಗೆ ಬೆಂಚೇ ತಿರುಗಿ ನೋಡುತ್ತಿದೆ, ನೋಡಲಿ, ಏನಮ್ಮ ಇದು, ಮಾತ್ರೆ ಸ್ವಾಮಿ, ಉಳಿದಿರೋದು ಇಷ್ಟೇ, ಮುಗಿದ ಮೇಲೆ ನೀವು ಹೇಳಿದ ಹಾಗೇ ಜಾಸ್ತಿಯಾಗಿ ಬರ್ತೀನಿ, ಕಾರ್ಡು ಸಿದ್ಧವಾಗಿರಲಿ, ನನ್ನ ಧ್ವನಿ ಇಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ, ಕೌಂಟರಿನ ಮೇಲಿಟ್ಟ ಹತ್ತಿ ಅವನ ಫ್ಯಾನಿನ ಗಾಳಿಗೆ ಉರುಳಿ ಗಾಜಿನ ಕಿಂಡಿ ದಾಟುತ್ತದೆ, ಅವನು ಕೈ ಹಿಂದಕ್ಕೆಳೆದುಕೊಳ್ಳುತ್ತಾನೆ, ಕುರ್ಚಿಯನ್ನೂ, ಹತ್ತಿ ರೀ ಅದು, ಮುಟ್ಟಿದರೆ ಏನೂ ಆಗುವುದಿಲ್ಲ, ನನ್ನ ಗಂಡನ ಮೂಗಿಗೆ ಇಟ್ಟು ಮಿಕ್ಕಿದ್ದು, ಬಿಳಿ ಹತ್ತಿ, ಅವನ ಮೇಜಿನ ಕಾರ್ಡುಗಳ ಮೇಲೆ, ಹತ್ತಿ.